ಬಲಗಿವಿ ಮೇಲಾಗಿ ಅರ್ಧ ಗಂಟೆ

ನನ್ನೆದುರು ಕೂತು ಅವರು ಸ್ಲೇಟಿನ ಮೇಲೆ ಮೊದಲು ಬರೆದದ್ದು ಇದು: "ಕೂಸಿನ ಎದೆಬಡಿತ ನಿಂತಿತು ಅಂದುಕೊಂಡೆ. ನಿಂತದ್ದು ನನ್ನ ಕಿವಿ."

ಎರಡು ಸಾವಿರದ ನಾಲ್ಕನೇ ಇಸವಿ, ಮುಂಗಾರು ಶುರುವಾದ ಹೊಸತು. ಕೂಡ್ಲಿಗಿಯ ಆರು ಹಾಸಿಗೆಯ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ನಾನು ಶುಕ್ರವಾರ, ಶನಿವಾರ ಕಿವಿ, ಮೂಗು, ಗಂಟಲಿನ ರೋಗಿಗಳನ್ನು ನೋಡುತ್ತಿದ್ದೆ. ಸೋಮವಾರ ಕೊಟ್ಟೂರು, ಮಂಗಳವಾರ ಹರಪನಹಳ್ಳಿ, ಬುಧವಾರ ಹಡಗಲಿ, ಗುರುವಾರ ಹಗರಿಬೊಮ್ಮನಹಳ್ಳಿ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಇನ್ನೊಂದು. ಮಲಗುವುದು ಕೂಡ್ಲಿಗಿಯ ಆಸ್ಪತ್ರೆಯ ಮಾಳಿಗೆಯ ಕೋಣೆಯಲ್ಲಿ. ನನಗೆ ಆಗ ಇಪ್ಪತ್ತೊಂಬತ್ತು. ಐದೂರಿನ ರೋಗಿಗಳ ಲೆಕ್ಕ ತಲೆಯಲ್ಲಿ ನಿಲ್ಲುವುದಿಲ್ಲವೆಂದು ಉದ್ದನೆಯ ಡೈರಿಯೊಂದನ್ನು ಇಟ್ಟಿದ್ದೆ. ದಿನ, ಮಾಡಿದ್ದು, ರೋಗಿ ಹೇಳಿದ್ದು ಎಂದು ಮೂರು ಕಾಲಂ. ಯಾವ ದಿನವೂ ಖಾಲಿ ಬಿಟ್ಟವನಲ್ಲ. ಅದರ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಆ ಶನಿವಾರ ಬಂದವರು ಹೊಸಹಳ್ಳಿ ಕಡೆಯ ಒಂದು ಹಳ್ಳಿಯ ಉಪಕೇಂದ್ರದಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡುತ್ತಿದ್ದ ಆರೋಗ್ಯ ಸಹಾಯಕಿ. ಸುತ್ತಲಿನ ಹಳ್ಳಿಗಳಲ್ಲಿ ಅವರು ಬರೀ ನರ್ಸಮ್ಮ. ವಯಸ್ಸು ನಲವತ್ತಾರು. ಎಡಗಿವಿ ಆರನೇ ವಯಸ್ಸಿನಲ್ಲಿ ಮಂಗನಬಾವು ಬಂದಾಗಲೇ ಹೋಗಿತ್ತು. ಇಷ್ಟು ವರ್ಷ ಎಲ್ಲವೂ ನಡೆದದ್ದು ಬಲಗಿವಿಯೊಂದರಿಂದಲೇ. ಗುರುವಾರ ಬೆಳಿಗ್ಗೆ ಉಪಕೇಂದ್ರದಲ್ಲಿ ಏಳು ತಿಂಗಳ ಬಸುರಿಯ ಹೊಟ್ಟೆಯ ಮೇಲೆ ಕೊಳವೆ ಇಟ್ಟು, ಇನ್ನೊಂದು ತುದಿಗೆ ಕಿವಿ ಹಚ್ಚಿ, ಕೂಸಿನ ಎದೆಬಡಿತ ಎಣಿಸುತ್ತಿದ್ದರಂತೆ. ಕಿವಿಯೊಳಗೆ ಟಪ್ಪೆಂದಿತು. ಬಡಿತ ನಿಂತುಹೋಯಿತು. ಕೂಸು ಹೋಯಿತೆಂದು ಎದೆ ಒಡೆದು ತಲೆ ಎತ್ತಿದರೆ, ಬಸುರಿಯ ತುಟಿ ಆಡುತ್ತಿದೆ, ಸದ್ದಿಲ್ಲ. ಹೊರಗೆ ಟ್ರ್ಯಾಕ್ಟರ್ ಹೋಗುತ್ತಿದೆ, ಅದಕ್ಕೂ ಸದ್ದಿಲ್ಲ. ಇದನ್ನೆಲ್ಲ ಅವರು ಸ್ಲೇಟಿನ ಮೇಲೆ ಬರೆದು, ಒರೆಸಿ, ಮತ್ತೆ ಬರೆದು ತಿಳಿಸಿದರು. ತಮ್ಮ ದನಿ ತಮಗೇ ಕೇಳದಿರುವಾಗ ಮಾತಾಡಲು ಹೆದರಿಕೆ ಎಂದು ಬರೆದರು. ಓದು ಬಾರದವರ ಜೊತೆ ಮಾತ್ರ ಬಾಯಿ ತೆರೆಯುತ್ತಿದ್ದರು.

ಜೊತೆಗೆ ಬಂದಿದ್ದ ಅವರ ಅತ್ತೆಗೆ ಓದು ಬಾರದು. ಮಾತಿಗೇನೂ ಕೊರತೆಯಿರಲಿಲ್ಲ.

"ಬೆಳ್ಳುಳ್ಳಿ ಹಾಕಿ ಕಾಸಿದ ಕುಸುಬಿ ಎಣ್ಣಿ ಬಿಟ್ಟೀನ್ರಿ, ಮೂರು ಸರ್ತಿ. ಹಂಗಾ ಐತಿ. ಆಕಿಗೆ ಕೇಳಲ್ಲಂತ ಊರಾಗ ಎಲ್ರೂ ಬಂದು ಒದರಿ ಒದರಿ ಮಾತಾಡ್ತಾರ. ಆಕಿಗೆ ಕೇಳದಿಲ್ಲ, ನನಗ ತಲಿ ಸಿಡೀತೈತಿ."

"ಇನ್ನು ಎಣ್ಣಿ ಬಿಡಬ್ಯಾಡ್ರಿ ಅಮ್ಮಾ," ಎಂದೆ.

"ಬಿಡಲ್ಲ ಬಿಡ್ರಿ. ಕುಸುಬಿ ಎಣ್ಣೀನೂ ಮುಗದೈತಿ."

ಎಣ್ಣೆ ಒರೆಸಿ ಒಳಗೆ ನೋಡಿದೆ. ಕಿವಿಯ ತಮಟೆ ನೆಟ್ಟಗಿತ್ತು, ಬೆಳ್ಳಗೆ ಹೊಳೆಯುತ್ತಿತ್ತು. ಮೇಣವಿಲ್ಲ, ಕೀವಿಲ್ಲ. ತೊಂದರೆ ಒಳಗಿವಿಯಲ್ಲಿ, ಕಣ್ಣಿಗೆ ಕಾಣದ ಕಡೆ. ಎಷ್ಟು ಹೋಗಿದೆ ಎಂದು ಅಳೆಯಲು ನನ್ನಲ್ಲಿ ಒಂದು ಹಳೆಯ ಆಡಿಯೋಮೀಟರ್ ಇತ್ತು. ಎದುರಿಗೇ ಹಿಟ್ಟಿನ ಗಿರಣಿ. ಕರೆಂಟ್ ಇದ್ದರೆ ಗಿರಣಿ ತಿರುಗುತ್ತದೆ, ಗಿರಣಿ ತಿರುಗಿದರೆ ಸಣ್ಣ ಸದ್ದಿನ ಪರೀಕ್ಷೆ ಆಗುವುದಿಲ್ಲ. ಅದಕ್ಕೆ ನಾನು ಮಧ್ಯಾಹ್ನ ಕರೆಂಟ್ ತೆಗೆಯುವ ಹೊತ್ತಿಗೇ ಕಾಯುತ್ತಿದ್ದೆ. ಗಿರಣಿ ನಿಂತು ಬೀದಿ ತಣ್ಣಗಾದ ಕೂಡಲೇ ಬಿಲ್ಲು ಬರೆಯುವ ಕಂಪ್ಯೂಟರಿನ ಯುಪಿಎಸ್‌ಗೆ ಯಂತ್ರದ ವೈರು ಸಿಕ್ಕಿಸುವುದು. ಇಪ್ಪತ್ತು ನಿಮಿಷ ಸಿಗುತ್ತಿತ್ತು.

ಎಡಗಿವಿ: ಏನೂ ಇಲ್ಲ. ಬಲಗಿವಿ: ಸರಾಸರಿ ಎಂಬತ್ತೇಳು ಡೆಸಿಬೆಲ್. ಕಿವಿಯ ಹತ್ತಿರ ನಿಂತು ಕೂಗಿದರೆ ಏನೋ ಗೊಗ್ಗರು ಸದ್ದು ಕೇಳಿಸೀತು, ಮಾತು ತಿಳಿಯದು. ನಾನು ತುಟಿ ಕಾಣದಂತೆ ಬಾಯಿಗೆ ಕಾಗದ ಅಡ್ಡ ಹಿಡಿದು ಹತ್ತು ಸಾದಾ ಪದ ಹೇಳಿದೆ. ಮನೆ, ಗಾಳಿ, ಹಾಲು, ಇಂಥವು. ಹತ್ತಕ್ಕೆ ಸೊನ್ನೆ.

ಗುರುವಾರವನ್ನು ಒಂದನೇ ದಿನ ಎಂದು ಇಟ್ಟುಕೊಂಡು ಡೈರಿಯಲ್ಲಿ ಬರೆದೆ: ದಿನ ೩. ಬಲ ೮೭. ಪದ ೦.

ಇದಕ್ಕೆ ಮೊದಲ ಔಷಧಿ ಸ್ಟೀರಾಯ್ಡ್ ಗುಳಿಗೆ. ಆದರೆ ಅವರ ರಕ್ತದ ಸಕ್ಕರೆ ಮುನ್ನೂರೈವತ್ತೆರಡು ಬಂತು. ನರ್ಸಿಂಗ್ ಹೋಮಿನ ಹಿರಿಯ ವೈದ್ಯರು ಚೀಟಿ ನೋಡಿ ತಲೆ ಅಲ್ಲಾಡಿಸಿದರು.

"ಗುಳಿಗಿ ಕೊಟ್ರೆ ಇದು ಐನೂರು ದಾಟ್ತತಿ. ನಾನಂತೂ ಒಪ್ಪಲ್ಲಪ. ಬ್ಯಾರೆ ದಾರಿ ಇದ್ರೆ ನೋಡು."

ಬೇರೆ ದಾರಿ ಒಂದಿತ್ತು. ಗುಳಿಗೆಯ ಬದಲು ಅದೇ ಔಷಧಿಯನ್ನು ತಮಟೆಯ ಮೂಲಕ ಸೂಜಿಯಿಂದ ನಡುಗಿವಿಗೆ ಬಿಡುವುದು. ಅಲ್ಲಿ ನಿಂತ ಔಷಧಿ ಒಂದು ಸಣ್ಣ ಕಿಟಕಿಯ ಪೊರೆಯ ಮೂಲಕ ಒಳಗಿವಿಗೆ ಇಳಿಯುತ್ತದೆ. ಮೈಯ ಸಕ್ಕರೆ ಅಷ್ಟಾಗಿ ಏರುವುದಿಲ್ಲ. ಓದುವಾಗ ನಾನು ಪಕ್ಕದಲ್ಲಿ ನಿಂತು ನೋಡಿದ್ದು ಹನ್ನೊಂದು, ಕೈಯಾರೆ ಕೊಟ್ಟದ್ದು ಎರಡು. ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ನನ್ನ ಪ್ರೊಫೆಸರರಿಗೆ ಫೋನ್ ಮಾಡಿದೆ.

"ಇಲ್ಲಿಗೆ ಕಳಿಸು," ಎಂದರು. "ಬರದಿದ್ದರೆ ನೀನೇ ಕೊಡು. ದಿನ ಬಿಟ್ಟು ದಿನ, ಮೂರೋ ನಾಲ್ಕೋ ಸಲ. ಎರಡು ವಾರ ದಾಟಿದ ಮೇಲೆ ಆಸೆ ಕಡಿಮೆಯಾಗುತ್ತಾ ಹೋಗುತ್ತದೆ. ಕೊಟ್ಟ ಮೇಲೆ ಅರ್ಧ ಗಂಟೆ ನೋಡಿಕೋ. ಸೂಜಿಗಿಂತ ಅದು ಮುಖ್ಯ."

ಕಡೆಯ ಮಾತನ್ನೂ ಡೈರಿಯಲ್ಲಿ ಬರೆದುಕೊಂಡೆ. ಬರೆದುಕೊಂಡೆ, ಅಷ್ಟೇ.

ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಸ್ಲೇಟಿನಲ್ಲಿ ಬರೆದಾಗ ನರ್ಸಮ್ಮ ಬಳಪ ಇಸಿದುಕೊಂಡರು. "ಅಲ್ಲಿಯವರ ತುಟಿ ನನಗೆ ಗೊತ್ತಿಲ್ಲ. ಇಲ್ಲಿಯವರದಾದರೆ ಅರ್ಧ ತಿಳಿಯುತ್ತದೆ."

ಫಲ ಸಿಗಬಹುದು, ಸಿಗದಿರಬಹುದು, ತಮಟೆಯಲ್ಲಿ ತೂತು ಉಳಿಯಬಹುದು, ತಲೆ ತಿರುಗಬಹುದು, ಏನೂ ಮಾಡದೆಯೂ ಕೆಲವರಿಗೆ ತಾನಾಗಿ ಬರುತ್ತದೆ ಎಂದು ಎರಡು ಸ್ಲೇಟು ತುಂಬ ಬರೆದೆ. ಅವರು ಓದಿ ಮುಗಿಸಿ ಬರೆದದ್ದು: "ಮೇಲಿನವರು ಆಫೀಸಿನಲ್ಲಿ ಕೂತು ರಿಜಿಸ್ಟರ್ ಬರೆ ಎನ್ನುತ್ತಾರೆ. ಬರೆಯಬಹುದು. ಆದರೆ ಬಡಿತ ಕೇಳದೆ ಕೂಸು ಚೆನ್ನಾಗಿದೆ ಅಂತ ಯಾವ ಬಸುರಿಗೂ ನಾನು ಹೇಳಲಾರೆ. ಸೂಜಿ ಕೊಡಿ."

ಅವರನ್ನು ಅಲ್ಲೇ ಒಂದು ಹಾಸಿಗೆಗೆ ಸೇರಿಸಿಕೊಂಡು, ಔಷಧಿ ತರಿಸುವುದರಲ್ಲಿ ಭಾನುವಾರ ಕಳೆಯಿತು. ಸೋಮವಾರ, ದಿನ ೫. ಬೆಳಿಗ್ಗೆ ಏಳು ಗಂಟೆ. ಕೊಟ್ಟೂರಿನ ಬಸ್ಸು ಏಳೂವರೆಗೆ.

ಅವರನ್ನು ಮಲಗಿಸಿ ತಲೆ ಎಡಕ್ಕೆ ಹೊರಳಿಸಿದೆ. ಮರಗಟ್ಟಿಸುವ ಔಷಧಿಯಲ್ಲಿ ನೆನೆಸಿದ ಹತ್ತಿಯನ್ನು ತಮಟೆಗೆ ತಾಗಿಸಿ ಹತ್ತು ನಿಮಿಷ ಬಿಟ್ಟೆ. ಆ ಹತ್ತು ನಿಮಿಷ ಔಷಧಿಯ ಬಾಟಲಿ ನನ್ನ ಮುಷ್ಟಿಯಲ್ಲಿ. ಮೈಯಷ್ಟೇ ಬೆಚ್ಚಗಿರಬೇಕು, ಇಲ್ಲದಿದ್ದರೆ ತಲೆ ತಿರುಗುತ್ತದೆ. ಆಮೇಲೆ ಹತ್ತಿ ತೆಗೆದು, ಸೂಕ್ಷ್ಮದರ್ಶಕದ ಬೆಳಕಿನಲ್ಲಿ ತಮಟೆಯ ಮುಂಭಾಗದಲ್ಲಿ ಮೇಲೊಂದು ಚುಚ್ಚು, ಒಳಗಿನ ಗಾಳಿ ಹೊರಹೋಗಲು. ಅದರ ಕೆಳಗೆ ಇನ್ನೊಂದು, ಔಷಧಿಗೆ. ಅರ್ಧ ಎಂಎಲ್ಲನ್ನು ಮೆಲ್ಲಗೆ ತಳ್ಳಿದೆ. ತಮಟೆಯ ಹಿಂದೆ ನೀರಿನ ಗೆರೆ ಏರುವುದು ಕಂಡಿತು, ಒಂದು ಗುಳ್ಳೆ ಮೇಲೆ ಬಂತು. ಸೂಜಿ ಹೊರಗೆ. ಅವರು ಉಸಿರು ಸಹ ಜೋರಾಗಿ ಬಿಡಲಿಲ್ಲ.

ಮುಂದಿನದು ಅರ್ಧ ಗಂಟೆ. ಬಲಗಿವಿ ಮೇಲಾಗಿ ಮಲಗಿರಬೇಕು. ಮಾತಾಡಬಾರದು, ನುಂಗಬಾರದು, ಹೊರಳಬಾರದು. ನಡುಗಿವಿಯಿಂದ ಗಂಟಲಿಗೆ ಒಂದು ಸಣ್ಣ ನಳಿಗೆ ಇದೆ. ನುಂಗಿದಾಗ, ಮಾತಾಡಿದಾಗ ಅದು ತೆರೆಯುತ್ತದೆ, ಔಷಧಿ ಸೋರಿ ಹೋಗುತ್ತದೆ. ಬಾಯಲ್ಲಿ ನೀರು ಬಂದರೆ ಉಗುಳಲು ಕೆನ್ನೆಯ ಹತ್ತಿರ ಟ್ರೇ ಇಟ್ಟೆ. ಮಂಚವನ್ನು ಗೋಡೆಗೆ ಸರಿಸಿ, ಅವರ ಮುಖ ಗೋಡೆಯ ಕಡೆ ಬರುವಂತೆ ಮಾಡಿದೆ. ಯಾರೂ ಕಾಣದಿದ್ದರೆ ಮಾತೂ ಇರುವುದಿಲ್ಲವೆಂದು ನನ್ನ ಲೆಕ್ಕ. ಅತ್ತೆಗೂ ವಾರ್ಡಿನ ಆಯಾಗೂ ಹೇಳಿ, ಗಡಿಯಾರ ತೋರಿಸಿ, ಬ್ಯಾಗು ಹಿಡಿದು ಬಸ್ ಸ್ಟ್ಯಾಂಡಿಗೆ ಓಡಿದೆ.

ಸಂಜೆ ಬಂದು ಕೇಳಿದೆ. ಸ್ಲೇಟಿನಲ್ಲಿ ಬರೆದರು: "ನೋವಿಲ್ಲ. ಸ್ವಲ್ಪ ಹೊತ್ತಿಗೆ ಗಂಟಲು ಕಹಿ ಆಯಿತು." ಮೂರನೇ ಕಾಲಂನಲ್ಲಿ ಬರೆದೆ: ಗಂಟಲು ಕಹಿ.

ಬುಧವಾರ, ದಿನ ೭. ಹಡಗಲಿಯ ಬಸ್ಸು ಏಳಕ್ಕೇ. ಆರಕ್ಕೆ ಶುರು ಮಾಡಬೇಕೆಂದುಕೊಂಡವನು ಆರೂವರೆಗೆ ಇಳಿದು ಬಂದೆ. ಬಾಟಲಿಯನ್ನು ಮುಷ್ಟಿಯಲ್ಲಿ ಹಿಡಿದದ್ದು ಎರಡೇ ನಿಮಿಷ. ಔಷಧಿ ಒಳಗೆ ಹೋದ ಕೂಡಲೇ ಅವರ ಕಣ್ಣುಗುಡ್ಡೆ ಪಕ್ಕಕ್ಕೆ ಎಳೆದೆಳೆದು ಓಡತೊಡಗಿತು. ಮಂಚದ ಪಟ್ಟಿ ಹಿಡಿದುಕೊಂಡರು, ವಾಂತಿ ಮಾಡಿಕೊಂಡರು. ಮೂರು ನಿಮಿಷದಲ್ಲಿ ನಿಂತಿತು. ತಪ್ಪು ನನ್ನದೆಂದು ಸ್ಲೇಟಿನಲ್ಲಿ ಬರೆದೆ. ಅವರು ಕೈಬೀಸಿ "ಬಸ್ಸಿಗೆ ಹೋಗಿ" ಎಂದು ಸನ್ನೆ ಮಾಡಿದರು. ಹೋದೆ. ಹಡಗಲಿಯಲ್ಲಿ ಮೂವತ್ತೊಂದು ರೋಗಿಗಳು. ಮಧ್ಯೆ ಮಧ್ಯೆ ಗಡಿಯಾರ ನೋಡುತ್ತಿದ್ದೆ, ಏಕೆಂದು ನನಗೇ ತಿಳಿಯದೆ. ಸಂಜೆ ಅದೇ ಮಾತು, ಅದೇ ಬರಹ: ಗಂಟಲು ಕಹಿ.

ಶುಕ್ರವಾರ, ದಿನ ೯. ಅಂದು ಕೂಡ್ಲಿಗಿಯ ದಿನವೇ, ಬಸ್ಸಿನ ಅವಸರವಿಲ್ಲ. ಆದರೆ ಹೊರಗಡೆ ಬೆಂಚು ತುಂಬಿತ್ತು. ಸೂಜಿ ಕೊಟ್ಟು ನನ್ನ ಕೋಣೆಗೆ ಹೋಗಿ ರೋಗಿಗಳನ್ನು ನೋಡುತ್ತ ಕೂತೆ. ಮತ್ತೆ ಗಂಟಲು ಕಹಿ.

ಶನಿವಾರ ಮಧ್ಯಾಹ್ನ ಗಿರಣಿ ನಿಂತ ಕೂಡಲೇ ಪರೀಕ್ಷೆ. ದಿನ ೧೦. ಬಲ ೮೪. ಪದ ಹತ್ತಕ್ಕೆ ಒಂದು, ಅದೂ ಊಹೆಯೆಂದು ಅವರೇ ಹೇಳಿದರು. ಮೂರು ಡೆಸಿಬೆಲ್ ಎಂದರೆ ಏನೂ ಅಲ್ಲ. ಅದೇ ಕಿವಿಯನ್ನು ಒಂದೇ ದಿನ ಎರಡು ಸಲ ಅಳೆದರೂ ಅಷ್ಟು ವ್ಯತ್ಯಾಸ ಬರುತ್ತದೆ. ಅವರು ನನ್ನ ಮುಖ ನೋಡುತ್ತಿದ್ದರು. ತುಟಿ ಓದುವವರು ಮುಖವನ್ನೂ ಓದುತ್ತಾರೆ. ಸ್ಲೇಟು ಒರೆಸಿ ಹಾಸಿಗೆಗೆ ಹೋದರು.

ಭಾನುವಾರ ನಾನು ಯಾವ ಬಸ್ಸೂ ಹತ್ತದ ದಿನ. ಮಾಳಿಗೆಯಲ್ಲಿ ಕೂತು ಪ್ರೊಫೆಸರರಿಗೆ ಕಳಿಸಲು ಒಂದು ಪುಟದ ವರದಿ ಬರೆಯಲು ಹೊರಟೆ. ನನ್ನ ಕೈಲಾಗಲಿಲ್ಲ, ಶ್ರವಣ ಸಾಧನ ಕೊಡಿಸುವುದೊಂದೇ ಉಳಿದದ್ದು ಎಂದು ಕೊನೆಯ ಸಾಲು ಆಗಲೇ ತಲೆಯಲ್ಲಿತ್ತು. ಡೈರಿಯಿಂದ ನಕಲು ಮಾಡತೊಡಗಿದೆ. ದಿನ ೫, ಗಂಟಲು ಕಹಿ. ದಿನ ೭, ಗಂಟಲು ಕಹಿ. ದಿನ ೯, ಗಂಟಲು ಕಹಿ. ಒಂದರ ಕೆಳಗೊಂದು ಬರೆದಾಗ ಪೆನ್ನು ನಿಂತಿತು.

ಆ ಔಷಧಿ ಕಹಿ. ಗಂಟಲಿಗೆ ಬಂದಿದೆ ಎಂದರೆ ಕಿವಿಯಲ್ಲಿ ನಿಂತಿಲ್ಲ. ಹನಿಯಷ್ಟು ಸೋರುವುದು ಸಹಜ. ಆದರೆ ಮೂರು ಸಲವೂ ಅವರು ತಾವಾಗಿ ಹೇಳುವಷ್ಟು ಕಹಿಯೆಂದರೆ ಬಹುಪಾಲು ಸೋರಿದೆ. ಮೂರು ಸಲ ಅವರು ಹೇಳಿದ್ದಾರೆ, ಮೂರು ಸಲ ನಾನು ನೀಟಾಗಿ ಬರೆದಿದ್ದೇನೆ. ಓದಿಲ್ಲ.

ಕೆಳಗೆ ಹೋದೆ. ನರ್ಸಮ್ಮ ನಿದ್ದೆಯಲ್ಲಿದ್ದರು. ಅತ್ತೆ ಬಾಗಿಲ ಬಳಿ ಕಾಲು ಚಾಚಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಅಮ್ಮಾ, ಸೂಜಿ ಮಾಡಿದ ಮ್ಯಾಲೆ ಅರ್ಧ ತಾಸು ಇವರು ಸುಮ್ಮನೆ ಮಲಗಿದ್ರಾ?"

"ಮಕ್ಕಂಡಿದ್ಲಲ್ರಿ."

"ಹೊರಳಲಿಲ್ಲಾ?"

"ಮಂದಿ ಬಂದ್ರ ಹೊರಳದ ಇರ್ತಾಳೇನ್ರಿ?"

"ಯಾವ ಮಂದಿ?"

ಆಯಾ ಕಸಬರಿಗೆ ಊರಿಕೊಂಡು ನಕ್ಕಳು. "ಯಾವ ಮಂದಿ ಅಂತ ಕೇಳ್ತಾರ ನೋಡಬೇ. ಸಾಹೇಬ್ರು ಆ ಕಡಿ ಬಸ್ ಹತ್ತತಾರ, ಈ ಕಡಿ ಬಸ್ಸಿನಾಗ ಊರಿಗೂರೇ ಇಳೀತೈತ್ರಿ."

ಆಗ ಲೆಕ್ಕ ಹೊರಬಿತ್ತು. ಆಸ್ಪತ್ರೆಯಲ್ಲಿ ಮಲಗಿದವರನ್ನು ಮಾತಾಡಿಸಲು ಬರುವುದು ನಮ್ಮ ಕಡೆಯ ರೂಢಿ. ಇಪ್ಪತ್ತೆರಡು ವರ್ಷ ಹೆರಿಗೆ ಮಾಡಿಸಿದ ನರ್ಸಮ್ಮನನ್ನು ಮಾತಾಡಿಸಲು ಗುಡೇಕೋಟೆಯಿಂದ, ಹೊಸಹಳ್ಳಿಯಿಂದ ಬೆಳಗಿನ ಮೊದಲ ಬಸ್ಸಿಗೇ ಬರುತ್ತಿದ್ದರು. ಸೋಮವಾರ ಒಂಬತ್ತು ಜನ, ಬುಧವಾರ ಆರು, ಶುಕ್ರವಾರ ಹದಿನಾಲ್ಕು. ಅತ್ತೆಗೆ ಒಬ್ಬೊಬ್ಬರೂ ನೆನಪಿದ್ದರು, ಯಾರು ಬಿಸ್ಕತ್ತು ತಂದರು, ಯಾರು ಮಂಡಕ್ಕಿ ತಂದರು ಎಂಬುದೂ. ಬಂದವರು ಭುಜ ಮುಟ್ಟುತ್ತಾರೆ. ಇವರ ಮುಖ ಗೋಡೆಗೆ. ಕಿವಿ ಕೇಳದು. ಯಾರು ಬಂದರು, ಏನು ಅಂದರು ಎಂದು ತಿಳಿಯಬೇಕಾದರೆ ತುಟಿ ನೋಡಬೇಕು. ತುಟಿ ನೋಡಬೇಕಾದರೆ ಹೊರಳಲೇಬೇಕು. ಬಂದವರಿಗೆ ಓದು ಬಾರದು, ಸ್ಲೇಟು ನಡೆಯದು. ಆದ್ದರಿಂದ ಮಾತು. ಯಾರೂ ಕಾಣದಿರಲಿ ಎಂದು ಮಂಚವನ್ನು ಗೋಡೆಗೆ ತಿರುಗಿಸಿದವನು ನಾನೇ.

"ಅಷ್ಟು ದೂರದಿಂದ ಬಂದೋರನ್ನ ಮಾತಾಡಸದ ಕಳಸಾಕ ಬರ್ತತೇನ್ರಿ?" ಎಂದರು ಅತ್ತೆ. "ನೀವಾದ್ರೂ ಕಳಸ್ತೀರೇನು?"

"ಡಾಕ್ಟ್ರು ಬ್ಯಾಡ ಅಂದಾರ ಅಂತ ಹೇಳಬೇಕಿತ್ತು."

"ಹೇಳಿದ್ನಪ. ಡಾಕ್ಟ್ರೆಲ್ಲಿ ಅದಾರ ಅಂದ್ರು. ಬಸ್ಸಿಗೆ ಹೋದ್ರು ಅಂದೆ. ಹಂಗಾರ ಅವರಿಗೆ ಗೊತ್ತಾಗಲ್ಲ ಬಿಡು ಅಂದ್ರು."

ನರ್ಸಮ್ಮನ ಸ್ಲೇಟು ತಂದುಕೊಂಡು ಅಲ್ಲೇ ಕೂತೆ.

ನರ್ಸಮ್ಮ ಎದ್ದ ಮೇಲೆ ಎಲ್ಲವನ್ನೂ ಬರೆದು ತೋರಿಸಿದೆ. ಓದುತ್ತಾ ಅವರ ಮುಖ ಸಪ್ಪಗಾಯಿತು. "ನುಂಗಬಾರದು ಅಂದಿರಿ. ನುಂಗಲಿಲ್ಲ. ನಾಲ್ಕು ಮಾತು ಆಡಿದರೆ ಏನಾಗುತ್ತದೆ ಅಂದುಕೊಂಡೆ. ನಾನೇ ನರ್ಸಾಗಿ." ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದರು: "ಕಹಿ ಅಂತ ಮೂರು ಸಲ ಹೇಳಿದೆನಲ್ಲ?"

"ಹೇಳಿದಿರಿ," ಎಂದೆ, ತುಟಿ ಕಾಣುವಂತೆ.

ಅಂದು ಹನ್ನೊಂದನೇ ದಿನ. ತಮಟೆ ನೋಡಿದೆ. ಮೂರು ಸಲ ಚುಚ್ಚಿದ ಜಾಗ ಕೆಂಪಗಿತ್ತು, ಮೊದಲೆರಡು ಸಲದ ತೂತುಗಳು ಮುಚ್ಚಿದ್ದವು, ಶುಕ್ರವಾರದವು ಇನ್ನೂ ಮುಚ್ಚುತ್ತಿದ್ದವು. ಮತ್ತೆ ಚುಚ್ಚಿದರೆ ತೂತು ಉಳಿಯುವ ಅಪಾಯ ಹೆಚ್ಚು. ಚುಚ್ಚದೆ ಬಿಟ್ಟರೆ ಉಳಿದ ಮೂರು ನಾಲ್ಕು ದಿನವೂ ಕೈ ಜಾರುತ್ತದೆ. ಮೂರು ಸಲ ಆಯಿತು ಎಂದು ವರದಿಯಲ್ಲಿ ಬರೆಯಬಹುದಿತ್ತು, ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಆದರೆ ನನ್ನ ಎಣಿಕೆಯಲ್ಲಿ ಅವರಿಗೆ ಒಂದು ಸಲವೂ ಸರಿಯಾಗಿ ಔಷಧಿ ಸಿಕ್ಕಿರಲಿಲ್ಲ. ವರದಿಯ ಹಾಳೆ ಹರಿದೆ. ಮೊದಲಿನಿಂದ ಶುರು ಮಾಡುವುದು, ಸೋಮವಾರ, ಬುಧವಾರ, ಶುಕ್ರವಾರ. ಮೂರೂ ದಿನ ಆ ಅರ್ಧ ಗಂಟೆ ನಾನೇ ಕೂರುವುದು. ಎಂದರೆ ಬಸ್ಸು ತಪ್ಪುತ್ತದೆ. ತಪ್ಪಲಿ.

ಕೊಟ್ಟೂರಿಗೆ ಫೋನ್ ಮಾಡಿ ಮಧ್ಯಾಹ್ನ ಬರುತ್ತೇನೆ ಎಂದೆ. ಹಡಗಲಿಗೆ ಹಾಗೆ ಆಗುವುದಿಲ್ಲ, ದೂರ. ಅಲ್ಲಿಯ ಕಾಂಪೌಂಡರ್ ಬೇಸರದಿಂದ ಹೇಳಿದ, "ಮಾಗಳದ ಪೇಷಂಟ್ರು ಹೋದ ವಾರಾನೇ ಬುಧವಾರ ಬರ್ರಿ ಅಂತ ಹೇಳಿಸ್ಕಂಡು ಹೋಗ್ಯಾರ್ರಿ. ನನ್ನ ಬೈತಾರ."

"ನನ್ನ ಹೆಸರು ಹೇಳು."

"ನಿಮ್ಮ ಹೆಸರು ಹೇಳಿದ್ರೂ ಬೈಯಾದು ನನಗಾರ್ರಿ."

ಉಳಿದದ್ದು ಬಾಗಿಲು. ಡಾಕ್ಟರರ ಮಾತಿಗೆ ನಿಲ್ಲದ ಮಂದಿಯನ್ನು ನಿಲ್ಲಿಸುವುದು ಹೇಗೆ? ಬೋರ್ಡು ಬರೆದರೆ ಓದುವವರಿಲ್ಲ. ಬಾಗಿಲು ಚಿಲಕ ಹಾಕಿದರೆ ಬಡಿಯುತ್ತಾರೆ. ಅತ್ತೆ ಎಲೆ ಅಗಿಯುತ್ತಾ ನಮ್ಮ ಚರ್ಚೆ ಕೇಳಿಸಿಕೊಂಡು ಕೊನೆಗೆ, "ಅದನ್ನ ನನಗ ಬಿಡ್ರಿ," ಎಂದರು.

ಸೋಮವಾರ, ದಿನ ೧೨. ಮಂಚವನ್ನು ಕೋಣೆಯ ನಡುವೆ ಎಳೆದೆವು. ಬಾಟಲಿ ಪೂರ್ತಿ ಹತ್ತು ನಿಮಿಷ ಮುಷ್ಟಿಯಲ್ಲಿ. ಹಳೆಯ ತೂತುಗಳಿಂದ ದೂರ, ಸ್ವಲ್ಪ ಹಿಂದಕ್ಕೆ ಚುಚ್ಚಿದೆ. ನೀರಿನ ಗೆರೆ ಏರಿತು. ಏಳು ಗಂಟೆ ಹನ್ನೆರಡು ನಿಮಿಷ. ಅವರ ಮುಖದೆದುರು, ತುಟಿ ಕಾಣುವಷ್ಟು ಹತ್ತಿರ ಸ್ಟೂಲು ಹಾಕಿಕೊಂಡು ಕೂತೆ. ಅವರ ಕೈಗೆ ಸ್ಲೇಟು ಕೊಟ್ಟೆ.

ಹತ್ತು ನಿಮಿಷಕ್ಕೆ ಹೊರಗೆ ಗದ್ದಲ. ಬಸ್ಸು ಬಂದಿತ್ತು. ಅತ್ತೆಯ ದನಿ ಸ್ಪಷ್ಟವಾಗಿ ಕೇಳುತ್ತಿತ್ತು.

"ಒಳಗ ಹೋಗಬ್ಯಾಡ್ರಿ. ಹೆರಿಗಿ ನಡದೈತಿ."

ಗದ್ದಲ ನಿಂತಿತು. ಗಂಡಸರ ಚಪ್ಪಲಿ ಸದ್ದು ಅಂಗಳದ ಕಡೆಗೆ ಹೋಯಿತು. ಹೆಂಗಸರು ಅಲ್ಲೇ ಕೂತರೆಂದು ಕಾಣುತ್ತದೆ, ದನಿ ಇಳಿಯಿತು.

"ಯಾರದಬೇ?"

"ಅದಾರ ಒಬ್ರು."

"ಯಾರು ಮಾಡಸಾಕತ್ತಾರ, ನರ್ಸಮ್ಮಾರ?"

"ಆಕಿ ಒಳಗಾ ಅದಾಳ."

ಅತ್ತೆ ಹೇಳಿದ್ದರಲ್ಲಿ ಅದೊಂದು ಮಾತ್ರ ಸುಳ್ಳಲ್ಲ.

ನನಗೆ ನಗು ಬಂತು. ನರ್ಸಮ್ಮ ಕಣ್ಣಲ್ಲೇ ಏನೆಂದು ಕೇಳಿದರು. ಸ್ಲೇಟಿನಲ್ಲಿ ಬರೆದು ತೋರಿಸುವಂತಿರಲಿಲ್ಲ, ನಕ್ಕರೆ ನಳಿಗೆ ತೆರೆಯುತ್ತದೆ. ಆಮೇಲೆ ಎಂದು ಸನ್ನೆ ಮಾಡಿದೆ. ಹದಿನೈದು ನಿಮಿಷ. ಹದಿನಾರು. ರೋಗಿಯ ಪಕ್ಕ ಏನೂ ಮಾಡದೆ ಅಷ್ಟು ಹೊತ್ತು ನಾನು ಎಂದೂ ಕೂತಿರಲಿಲ್ಲ. ಏಳೂವರೆಯ ಬಸ್ಸು ಈಗ ಪ್ಲಾಟ್‌ಫಾರ್ಮಿಗೆ ಬಂದಿರುತ್ತದೆ. ಕೊಟ್ಟೂರಿನಲ್ಲಿ ಬೆಂಚು ತುಂಬಿರುತ್ತದೆ. ಮೂಗಿಗೆ ತುರುಕಿದ ಬತ್ತಿ ತೆಗೆಯಬೇಕಾದ ಹುಡುಗಿ ಬಂದಿರುತ್ತಾಳೆ. ಟ್ರೇ ಸರಿಮಾಡಿದೆ. ಗಡಿಯಾರ ನೋಡಿದೆ. ಹದಿನೇಳು. ನರ್ಸಮ್ಮ ತಲೆ ಅಲ್ಲಾಡಿಸದೆ, ಕಣ್ಣು ಮಾತ್ರ ಇಳಿಸಿ ಸ್ಲೇಟಿನ ಮೇಲೆ ಸೊಟ್ಟ ಅಕ್ಷರದಲ್ಲಿ ಬರೆದರು: "ಕಾಲು ಕುಣಿಸಬೇಡಿ. ಮಂಚ ಅಲುಗುತ್ತದೆ."

ನನ್ನ ಮೊಣಕಾಲು ಮಂಚದ ಕಾಲಿಗೆ ತಾಗಿ ಕುಣಿಯುತ್ತಿತ್ತು. ಕಾಲು ಹಿಂದೆಳೆದುಕೊಂಡೆ. ಕೈ ಕಟ್ಟಿ ಕೂತೆ. ಏಳು ನಲವತ್ತೆರಡಕ್ಕೆ ಏಳಿ ಎಂದೆ.

ಎದ್ದು ಕೂತು ಅವರು ಸ್ವಲ್ಪ ಹೊತ್ತು ನಾಲಿಗೆ ಆಡಿಸಿ ನೋಡಿದರು. ಆಮೇಲೆ ಬರೆದರು: "ಕಹಿ ಇಲ್ಲ."

ಹೊರಗೆ ಹೋದಾಗ ಐದು ಜನ ಹೆಂಗಸರು ಎದ್ದು ನಿಂತರು. ಒಬ್ಬಳು ಸೆರಗು ಸರಿಮಾಡಿಕೊಂಡು ಕೇಳಿದಳು, "ಏನು ಕೂಸ್ರಿ ಸಾರ್?"

ಅತ್ತೆ ನನ್ನ ಮುಖ ನೋಡಿದರು. "ಇನ್ನಾ ಆಗಿಲ್ಲವಾ. ಬುಧವಾರ ಮತ್ತ ನೋಡ್ತಾರಂತ," ಎಂದು ಅವರೇ ಹೇಳಿಬಿಟ್ಟರು.

ಬುಧವಾರ, ದಿನ ೧೪. ಕಹಿ ಇಲ್ಲ. ಹಡಗಲಿಯಿಂದ ಎರಡು ಸಲ ಫೋನ್ ಬಂತೆಂದು ಆಯಾ ಹೇಳಿದಳು, ಹೊರಗೆ ಹೋಗಲಿಲ್ಲ. ಸಂಜೆ ಅತ್ತೆ ಸ್ಟೀಲ್ ಲೋಟ ಕೆಳಗೆ ಬೀಳಿಸಿದಾಗ ನರ್ಸಮ್ಮ ಬೆಚ್ಚಿ ತಿರುಗಿದರಂತೆ. ಅದನ್ನು ನಾನು ಡೈರಿಯಲ್ಲಿ ಪ್ರಶ್ನೆ ಚಿಹ್ನೆ ಹಾಕಿ ಬರೆದೆ. ನೆಲದ ನಡುಕಕ್ಕೂ ತಿರುಗಿರಬಹುದು. ಅತ್ತೆ ಒಪ್ಪಲಿಲ್ಲ, ಅಂದು ಆ ಲೋಟವನ್ನು ಇನ್ನೂ ನಾಲ್ಕು ಸಲ ಬೀಳಿಸಿದರಂತೆ. ನಾಲ್ಕಕ್ಕೆ ಮೂರು ಸಲ ತಿರುಗಿದರೆಂದು ಆಯಾ ಸಾಕ್ಷಿ ಹೇಳಿದಳು. ಲೋಟಕ್ಕೆ ಮೂರು ತಗ್ಗು ಬಿದ್ದಿದ್ದವು.

ಶುಕ್ರವಾರ, ದಿನ ೧೬. ಸ್ವಲ್ಪ ಕಹಿ, ನಡುವೆ ಒಮ್ಮೆ ಕೆಮ್ಮು ಬಂದದ್ದಕ್ಕೆ. ಶನಿವಾರ ಕರೆಂಟ್ ಹೋಗಲು ಅಂದು ನಾನು ಕಾದಷ್ಟು ಯಾರೂ ಕಾದಿರಲಿಕ್ಕಿಲ್ಲ. ಮೂರು ಗಂಟೆಗೆ ಗಿರಣಿ ನಿಂತಿತು. ಬಟನ್ ಒತ್ತಿ ಗುರುತು ಹಾಕುವುದು ನಾನು, ಸದ್ದು ಕೇಳಿದರೆ ಕೈ ಎತ್ತುವುದು ಅವರು. ಎಪ್ಪತ್ತರಲ್ಲಿ ಕೈ ಎತ್ತಿದರು. ಅರವತ್ತೈದರಲ್ಲಿ ಎತ್ತಿದರು. ನಾನು ಅವರಿಗೆ ಕಾಣದಂತೆ ಯಂತ್ರವನ್ನು ಪಕ್ಕಕ್ಕೆ ತಿರುಗಿಸಿ ಮತ್ತೆ ಮಾಡಿದೆ. ದಿನ ೧೭. ಬಲ ೬೧. ಪದ ೬. ಆರನೆಯ ಪದ 'ಹಾಲು'. ಅದನ್ನು ಅವರು ಬರೆಯಲಿಲ್ಲ. ಬಾಯಲ್ಲಿ ಹೇಳಿದರು, ಹೇಳಿದ್ದು ತಮಗೇ ಕೇಳಿ, ಅಲ್ಲೇ ಬಾಯಿಗೆ ಸೆರಗು ಇಟ್ಟುಕೊಂಡರು.

ಇದು ಔಷಧಿಯಿಂದಲೇ ಬಂತೆಂದು ನಾನು ಆಣೆ ಮಾಡಿ ಹೇಳಲಾರೆ. ತಾನಾಗಿ ಬರುವ ಕಿವಿಗಳೂ ಇವೆ. ಕಹಿ ಇದ್ದ ವಾರ ಬರಲಿಲ್ಲ, ಕಹಿ ಇಲ್ಲದ ವಾರ ಬಂತು ಎಂದಷ್ಟೇ ನನ್ನ ಡೈರಿ ಹೇಳುತ್ತದೆ. ಒಬ್ಬ ರೋಗಿಯ ಲೆಕ್ಕದಿಂದ ಅದಕ್ಕಿಂತ ಹೆಚ್ಚು ಹೇಳುವುದು ಸರಿಯಲ್ಲ. ಅಂದಿನಿಂದ 'ರೋಗಿ ಹೇಳಿದ್ದು' ಎಂಬ ಮೂರನೇ ಕಾಲಂನ ಪಕ್ಕ ಗೆರೆ ಎಳೆದು 'ಎಂದರೆ' ಎಂಬ ನಾಲ್ಕನೇ ಕಾಲಂ ಮಾಡಿಕೊಂಡೆ. ಕೆಲವು ಸಲ ಅದು ದಿನಗಟ್ಟಲೆ ಖಾಲಿ ಇರುತ್ತದೆ.

ದಿನ ೪೫. ಶನಿವಾರ. ನರ್ಸಮ್ಮ ಮರುಪರೀಕ್ಷೆಗೆ ಬಂದರು, ಬಲ ೪೬, ಪದ ೮, ತಮಟೆಯಲ್ಲಿ ತೂತಿಲ್ಲ. ಪೂರ್ತಿ ಬಂದಿಲ್ಲ, ಬರಲಿಕ್ಕಿಲ್ಲ ಎಂದೆ. ಅವರು ತಲೆ ಆಡಿಸಿ, ಹೊರಗಿನಿಂದ ಒಬ್ಬ ಬಸುರಿಯನ್ನು ಒಳಗೆ ಕರೆದರು. ಸ್ಕ್ಯಾನಿಂಗಿಗೆ ಬಂದವಳು, ತುಂಬು ದಿನ. ಅಂದು ಹೊಟ್ಟೆಯ ಮೇಲೆ ಕೊಳವೆ ಇಟ್ಟಾಗ ಸದ್ದು ನಿಂತದ್ದು ಇವಳದೇ.

"ಇನ್ನಾ ಯಾರದೂ ನೋಡಿಲ್ರಿ ಸಾರ್," ಎಂದರು. ದನಿ ಸ್ವಲ್ಪ ಜೋರಾಗಿತ್ತು. "ನಿಮ್ಮ ಮುಂದ ನೋಡೋಣ ಅಂತ. ತಪ್ಪಾದ್ರ ನೀವು ಹೇಳ್ತೀರಲ್ಲ."

ಬಸುರಿಯನ್ನು ಮಲಗಿಸಿದರು. ಚೀಲದಿಂದ ಅಲ್ಯೂಮಿನಿಯಂ ಕೊಳವೆ ತೆಗೆದು ಸೆರಗಿನಲ್ಲಿ ಒರೆಸಿದರು, ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು ಹೊಟ್ಟೆ ಮುಟ್ಟಿ ಕೂಸಿನ ಬೆನ್ನು ಯಾವ ಕಡೆ ಎಂದು ನೋಡಿದರು. ಕೊಳವೆ ಇಟ್ಟು ಬಲಗಿವಿ ಹಚ್ಚಿದರು. ಬಸುರಿ ಉಸಿರು ಹಿಡಿದಿದ್ದಳು. ಎದುರು ಗಿರಣಿ ತಿರುಗುತ್ತಿತ್ತು. ಒಂದು ಕಡೆ ಇಟ್ಟರು, ಇಲ್ಲ. ಎರಡು ಬೆರಳು ಕೆಳಗೆ ಇಟ್ಟರು. ಅಲ್ಲೂ ಇಲ್ಲ. ನಾನು ಹೋಗಿ ಗಿರಣಿಯವನಿಗೆ ನಿಲ್ಲಿಸಲು ಹೇಳಲೇ ಎಂದು ಬಾಗಿಲಿನತ್ತ ತಿರುಗಿದೆ. ಅಷ್ಟರಲ್ಲಿ ಅವರ ಎಡಗೈ ಮೇಲ್ಬಂತು, ಬೆರಳುಗಳು ಗಾಳಿಯಲ್ಲಿ ಬಡಿಯತೊಡಗಿದವು. ನಾನು ಗಡಿಯಾರ ನೋಡಿದೆ. ಹದಿನೈದು ಸೆಕೆಂಡಿಗೆ ಬೆರಳು ಮೂವತ್ತಾರು ಸಲ ಬಡಿಯಿತು.

"ನೂರಾ ನಲವತ್ನಾಕು," ಎಂದರು, ಕಿವಿ ತೆಗೆಯದೆ. "ನೀವು ನೋಡ್ರಿ."

ಓದು ಮುಗಿಸಿದ ಮೇಲೆ ನಾನು ಅಂಥ ಕೊಳವೆ ಮುಟ್ಟಿರಲಿಲ್ಲ. ಬಗ್ಗಿ ಕಿವಿ ಹಚ್ಚಿದೆ. ಗಿರಣಿ ಬಿಟ್ಟು ಏನೂ ಕೇಳಲಿಲ್ಲ. ಹೊರಗೆ ಬಸ್ಸಿನ ಹಾರ್ನ್. ಕೊಳವೆ ಅತ್ತಿತ್ತ ಸರಿಸಿದೆ. ನರ್ಸಮ್ಮ ನನ್ನ ಭುಜ ಒತ್ತಿ ಹಿಡಿದರು.

"ಅಳ್ಳಾಡಬ್ಯಾಡ್ರಿ ಸಾರ್. ಸುಮ್ನ ಇರ್ರಿ ಸ್ವಲ್ಪ."

ಸುಮ್ಮನಿದ್ದೆ. ಹತ್ತು ಸೆಕೆಂಡು, ಇಪ್ಪತ್ತು. ಆಮೇಲೆ, ದೂರದಲ್ಲಿ, ದಿಂಬಿನಡಿ ಇಟ್ಟ ಗಡಿಯಾರದಂತೆ.

ಎಣಿಸಿದೆ. ನನಗೆ ಬಂದದ್ದು ನೂರಾ ನಲವತ್ತು. ಡೈರಿಯಲ್ಲಿ ಎರಡನ್ನೂ ಬರೆದೆ. ಬಸುರಿ ಹೋದ ಮೇಲೆ ಆ ಎರಡು ಅಂಕಿ ಇನ್ನೊಮ್ಮೆ ನೋಡಿ, ನನ್ನದನ್ನು ಹೊಡೆದುಹಾಕಿದೆ.